ಮೊದಲು ಸೆರಗು ತಿರುವಿ ನೋಡಿ

ಕಸೂತಿ ಸೀರೆಯ ಮುಂದೆ ನಿಂತು “ಎಷ್ಟು ಚೆಂದ! ಎಷ್ಟಕ್ಕೆ?” ಎಂದು ಒಂದೇ ಉಸಿರಿಗೆ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇವರೇ ಹೊರಗೆ ಹೋಗಿ ಕಸೂತಿಯ ಅಚ್ಚೊತ್ತಿದ ಚೀಲ ಕೊಳ್ಳುತ್ತಾರೆ. ಗೋಪುರ, ತೇರು, ಆನೆ ಎಂದು ಗುರುತು ಹಿಡಿಯುವುದು ರಸಿಕತೆಯೇ? ಕೂಸೂ ಹಿಡಿದೀತು. ಸೆರಗು ತಿರುವಿ, ಹಿಂಬದಿ ನೋಡಿ.

ನನಗಿದನ್ನು ಕಲಿಸಿದ್ದು ಧಾರವಾಡದ ನಮ್ಮ ದೊಡ್ಡವ್ವ. ನಾನು ಹತ್ತು ವರ್ಷದವನಿದ್ದಾಗ ಟ್ರಂಕಿನಿಂದ ಕಪ್ಪು ಚಂದ್ರಕಾಳಿ ಸೀರೆ ತೆಗೆದು, “ಇದರಾಗ ಒಳಗಿಂದು ಯಾವುದು, ಹೊರಗಿಂದು ಯಾವುದು, ಹೇಳು ನೋಡೂಣು” ಅಂದಳು. ಎರಡೂ ಕಡೆ ಅದೇ ತೇರು. ಗಂಟು ಹುಡುಕಿ ಹುಡುಕಿ ಸೋತೆ.

ಅದು ಗವಂತಿ ಹೊಲಿಗೆ. ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಯುತ್ತ ಗೆರೆಯ ತುದಿ ಮುಟ್ಟುತ್ತದೆ. ಅದೇ ದಾರಿಯಲ್ಲಿ ಮರಳುತ್ತ, ಹೋಗುವಾಗ ಬಿಟ್ಟ ಸಂದುಗಳನ್ನು ತುಂಬುತ್ತದೆ. ಕವಲುಗಳನ್ನು ದಾರಿಯಲ್ಲೇ ಮುಗಿಸಿ ಹೊರಟಲ್ಲಿಗೇ ಬರಬೇಕು. ಬಟ್ಟೆಯ ಮೇಲೆ ಪೆನ್ಸಿಲ್ ಗುರುತಿಲ್ಲ. ಹಾಸುಹೊಕ್ಕಿನ ಎಳೆ ಎಣಿಸಿದ್ದೇ ಲೆಕ್ಕ. ಒಂದೆಳೆ ತಪ್ಪಿದರೆ ತೇರಿನ ಕಳಸ ವಾಲುತ್ತದೆ. ಸೂಜಿ ಚುಚ್ಚುವ ಮೊದಲೇ ಮರಳುವ ದಾರಿ ಹಾಕುವವಳ ತಲೆಯಲ್ಲಿರಬೇಕು. ಯಂತ್ರದ ‘ಕಸೂತಿ’ಯನ್ನು ತಿರುವಿದರೆ ಬರೀ ನೂಲಿನ ಸಿಕ್ಕು.

ಕಸೂತಿಯ ಉಳಿದ ಹೊಲಿಗೆಗಳಲ್ಲಿ ಮುರಗಿ ಇದೇ ನಡಿಗೆಯಲ್ಲಿ ಮೆಟ್ಟಿಲೇರುತ್ತದೆ. ನೇಗಿ ನೇಯ್ದಂತೆ ಕಾಣುತ್ತದೆ, ಮೆಂತಿ ಕಾಳು ಜೋಡಿಸಿದಂತೆ. ಇವೆರಡರ ಮೇಲೆ ನನಗೆ ಅಷ್ಟು ಮೋಹವಿಲ್ಲ.

ಸೆರಗಿನ ಯಾವ ಬದಿಯಲ್ಲೂ ಸಿಗದ್ದು ಹಾಕಿದವಳ ಹೆಸರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜ ತನ್ನ ಮದನಿಕೆಯ ಅಡಿಯಲ್ಲಿ ಹೆಸರು ಕೆತ್ತಿದ. ಕಲಾ ಇತಿಹಾಸ ಸೇರಿದ. ಸೆರಗಿನ ಮೇಲೆ ತೇರೆಳೆದವಳು ಹೆಸರು ಹಾಕಲಿಲ್ಲ. ಅವಳ ಕೆಲಸ ‘ಕರಕುಶಲ ವಸ್ತು’ವಾಯಿತು. ಒಮ್ಮೆ ಒಂದು ಗ್ಯಾಲರಿಯಲ್ಲಿ ಇಳಕಲ್ ಸೀರೆಯ ಪಕ್ಕ ‘ಕಲಾವಿದರು: ಅಜ್ಞಾತ’ ಎಂಬ ಚೀಟಿ ಅಂಟಿಸಿದ್ದರು. ಪಕ್ಕದ ತೈಲಚಿತ್ರದ ಚೀಟಿಯಲ್ಲಿ ಚಿತ್ರಕಾರನ ಗುರುವಿನ ಹೆಸರೂ ಇತ್ತು. ಸೀರೆ ಕೊಟ್ಟ ಮನೆಯವರು ಅಲ್ಲೇ ನಿಂತಿದ್ದರು. ಕಸೂತಿ ಹಾಕಿದ್ದು ತಮ್ಮ ಅಜ್ಜಿ ಎಂದು ನನಗೆ ಹೇಳಿದರು. ಚೀಟಿ ಬರೆದವರು ಅವರನ್ನು ಕೇಳಿರಲೇ ಇಲ್ಲ.

ನಾನಾದರೂ ಏನು ಕಡಿಮೆ? ದೊಡ್ಡವ್ವನ ಸೀರೆಗೆ ಕಸೂತಿ ಹಾಕಿದ್ದು ಅವಳ ಅತ್ತೆ. ಆ ಅತ್ತೆಯ ಹೆಸರು ಕೇಳಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ದೊಡ್ಡವ್ವ ಇರಲಿಲ್ಲ. ನಿಮ್ಮ ಮನೆಯಲ್ಲಿ ಹೇಳುವವರು ಇನ್ನೂ ಇದ್ದರೆ ಇವತ್ತೇ ಕೇಳಿ, ಹೆಸರು ಬರೆದು ಸೀರೆಯ ಮಡಿಕೆಯಲ್ಲಿಡಿ.