ಸಿಂಡ್ರೆಲಾ ಮತ್ತು ನಮ್ಮ ಹಂಚಿ

ಮುಂಬಯಿಯಂಥ ಊರಿನಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಸಿಂಡ್ರೆಲಾ ಗೊತ್ತು, ಹಂಚಿ ಗೊತ್ತಿಲ್ಲ. ಕನ್ನಡದ ಈ ಜನಪದ ಕಥೆಯನ್ನು ಎ. ಕೆ. ರಾಮಾನುಜನ್ ಅವರು ಇಂಗ್ಲಿಷಿಗೆ ತಂದರು. 1982ರಲ್ಲಿ ಅಲನ್ ಡಂಡೀಸ್ ಸಂಪಾದಿಸಿದ ಸಿಂಡ್ರೆಲಾ ಅಧ್ಯಯನ ಗ್ರಂಥದಲ್ಲಿ ಅದು ಸೇರಿ, ವಿದ್ವಾಂಸರಿಗೆ ಪರಿಚಿತವಾಯಿತು. ನಾವು ಬಲ್ಲ ಮಕ್ಕಳ ತರಗತಿಗಳಿಗೆ ಮಾತ್ರ ಇನ್ನೂ ಬಂದಿಲ್ಲ.

ಬಾರದಿರಲು ಕಾರಣವುಂಟು. ಹೊಂಗೂದಲಿನ ಹುಡುಗಿಯನ್ನು ಒಡಹುಟ್ಟಿದವನೇ ಮದುವೆಯಾಗಬಯಸುತ್ತಾನೆ. ತಾಯಿ ಮಗಳಿಗೆ ಮಣ್ಣಿನ ಮುಖವಾಡ ತೊಡಿಸಿ ಮನೆಯಿಂದಾಚೆ ಕಳಿಸುತ್ತಾಳೆ. ಹಂಚಿನ ಮುಖದವಳಾದ್ದರಿಂದ ಹಂಚಿ. ಎಂಟು ವರ್ಷದ ಮಗುವಿಗೆ ಇದನ್ನು ಹೇಳುವುದು ಹೇಗೆ? ಮೇಷ್ಟರ ಅಂಜಿಕೆ ಸುಳ್ಳಲ್ಲ.

ಆದರೆ ಕಥೆಯನ್ನು ತಿದ್ದಿಕೊಳ್ಳುವುದು ಹೊಸದೇನಲ್ಲ. ಜರ್ಮನಿಯ ಗ್ರಿಮ್ ಸೋದರರ ಸಂಗ್ರಹದ ಮೊದಲ ಸಂಪುಟ ಬಂದದ್ದು 1812ರಲ್ಲಿ, ಏಳನೆಯ ಆವೃತ್ತಿ 1857ರಲ್ಲಿ. ಸ್ನೋ ವೈಟಳನ್ನು ಕೊಲ್ಲಿಸಹೊರಟವಳು ಮೊದಲು ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಮಲತಾಯಿಯಾದಳು. ರಾಪುನ್ಜೆಲ್ ಬಸುರಿಯಾದ ಸೂಚನೆಯನ್ನೂ ತೆಗೆದುಹಾಕಿದರು. ಕ್ರೌರ್ಯವನ್ನು ಮಾತ್ರ ಬಿಡಲಿಲ್ಲ: ಅವರ ಸಿಂಡ್ರೆಲಾ ಕಥೆಯಲ್ಲಿ ಪಾದರಕ್ಷೆ ಹೊಂದಲೆಂದು ಮಲತಾಯಿಯ ಮಕ್ಕಳಲ್ಲಿ ಒಬ್ಬಳು ಕಾಲ್ಬೆರಳನ್ನೂ ಇನ್ನೊಬ್ಬಳು ಹಿಮ್ಮಡಿಯನ್ನೂ ಕೊಯ್ದುಕೊಳ್ಳುತ್ತಾರೆ, ಕೊನೆಗೆ ಪಾರಿವಾಳಗಳು ಅವರ ಕಣ್ಣು ಕುಕ್ಕುತ್ತವೆ. ಫ್ರಾನ್ಸಿನ ಪೆರೋ 1697ರಲ್ಲಿ ಪ್ರಕಟಿಸಿದ ಕಥೆಯಲ್ಲಾದರೋ ಅವರಿಗೆ ಕ್ಷಮೆ ದೊರೆಯುತ್ತದೆ. ಗಾಜಿನ ಪಾದರಕ್ಷೆ ಅವನದು. ಡಿಸ್ನಿಯವರ 1950ರ ಚಿತ್ರವೂ ಅವನನ್ನೇ ಹಿಡಿದದ್ದರಿಂದ ಮಕ್ಕಳು ಬಲ್ಲದ್ದು ಆ ಪಾದರಕ್ಷೆಯೊಂದನ್ನೇ.

ಹೀಗಿರುವಾಗ ಒಂದೇ ಪಾಠವನ್ನು 'ನಿಜವಾದ ಕಥೆ'ಯೆಂದು ಒಪ್ಪಿಸಿ, ಕೊನೆಗೆ 'ಈ ಕಥೆಯ ನೀತಿಯೇನು?' ಎಂದು ಕೇಳುವ ಪದ್ಧತಿ ನಮಗೆ ಹಿಡಿಸದು. ಬೆರಗಾಗಿ ಕುಳಿತ ಮಗುವನ್ನು ತಟ್ಟನೆ ಪರೀಕ್ಷೆಗೆ ಎಳೆದಂತಾಯಿತು. ಪುಣ್ಯಕೋಟಿಯ ಸತ್ಯವನ್ನು ನಾವು ಎಷ್ಟೇ ಬಾರಿ ಹೊಗಳಿದರೂ ಮಗು ಕೇಳುವುದು ಪ್ರಾಣಬಿಟ್ಟ ಹುಲಿಯ ವಿಚಾರ! ಅದಕ್ಕಿಂತ ಗ್ರಿಮ್ ಮತ್ತು ಪೆರೋ ಇಬ್ಬರ ಮುಕ್ತಾಯಗಳನ್ನೂ ಹೇಳಿ, ಯಾವುದು ನ್ಯಾಯವೆಂದು ಕೇಳಬಹುದು. ಹುಡುಗರು ಜಗಳಾಡುತ್ತಾರೆ; ಆಡಲಿ. ಅಂಥ ಜಗಳವಾದರೂ ಕನ್ನಡದಲ್ಲಿ ನಡೆಯುವುದು ಈ ಊರುಗಳಲ್ಲಿ ಸಣ್ಣ ಲಾಭವೇನಲ್ಲ.

ಹಂಚಿಯ ಕಥೆಯನ್ನು ಚಿಕ್ಕವರಿಗೆ ಮುಖವಾಡದಿಂದಲೇ ಆರಂಭಿಸಬಹುದು. ಗ್ರಿಮ್ ಸೋದರರಿಗಿದ್ದ ಸ್ವಾತಂತ್ರ್ಯ ನಮ್ಮ ಮೇಷ್ಟರಿಗೂ ಇರಲಿ. ಆದರೆ ಪುಸ್ತಕ ಮುಚ್ಚಿಟ್ಟು, ಬಾಯಿಂದಲೇ ಹೇಳಬೇಕು. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಮರೆಮಾಚದೆ ಪೂರ್ತಿ ಹೇಳುವುದೇ ಸರಿ. ತಪ್ಪು ಅವನದು, ಮುಖ ಮುಚ್ಚಿಕೊಂಡು ಮನೆ ಬಿಟ್ಟವಳು ಇವಳೇಕೆ ಎಂದು ಯಾವಳಾದರೊಬ್ಬ ಹುಡುಗಿ ಕೇಳಿಯಾಳು. ಆಗ ಹುಡುಗರೂ ಅದೇ ಕೋಣೆಯಲ್ಲಿ ಕುಳಿತಿರಬೇಕು.