ಕಾರ್ಡಿನ ನಡುವೊಂದು ತೂತು

ಹಳೇ ಅಂಚೆ ಕಾರ್ಡು ಮಾರುವವರ ಲೆಕ್ಕದಲ್ಲಿ ತೂತು ಬಿದ್ದ ಕಾರ್ಡಿಗೆ ಬೆಲೆಯಿಲ್ಲ. ಮೂಲೆ ಮುರಿದಿರಬಾರದು, ಶಾಯಿ ಹರಡಿರಬಾರದು, ಏನೂ ಬರೆಯದೆ ಬಿಟ್ಟದ್ದಾದರೆ ಇನ್ನೂ ಮೇಲು. ನನ್ನ ಲೆಕ್ಕ ಬೇರೆ. ಗುಜರಿ ಅಂಗಡಿಯಲ್ಲಿ ಕಟ್ಟು ಬಿಚ್ಚಿದ ಕೂಡಲೇ ನನ್ನ ಕಣ್ಣು ಹುಡುಕುವುದು ಆ ತೂತನ್ನೇ.

ಓದಿಯಾದ ಕಾಗದವನ್ನು ಕೊಕ್ಕೆ ತಂತಿಗೆ ಚುಚ್ಚಿ ಜಂತೆಗೆ ನೇತುಹಾಕುತ್ತಿದ್ದ ಕಾಲದ ಗುರುತು ಅದು. ಎಲ್ಲಕ್ಕಿಂತ ಕೆಳಗಿನದು ಎಲ್ಲಕ್ಕಿಂತ ಹಳೆಯದು; ಅಡುಗೆಮನೆ ಹೊಗೆಗೆ ಅಂಚು ಕಂದಿರುತ್ತದೆ. ನನ್ನಲ್ಲಿರುವ ಒಂದು ಕಾರ್ಡಿನಲ್ಲಿ ಪಿನ್‌ಕೋಡ್ ಇಲ್ಲ, ವಿಳಾಸದ ಕೊನೆಗೆ ‘ಮೈಸೂರು ರಾಜ್ಯ’ ಎಂದಿದೆ. ಪಿನ್‌ಕೋಡ್ ಬಂದದ್ದು 1972ರಲ್ಲಿ, ರಾಜ್ಯದ ಹೆಸರು ಬದಲಾದದ್ದು 1973ರಲ್ಲಿ; ಹಾಗಾಗಿ ಅದಕ್ಕೂ ಹಿಂದಿನದೇ ಇರಬೇಕು. ‘ಉಭಯ ಕುಶಲೋಪರಿ ಸಾಂಪ್ರತ’ ಆದ ಮೇಲೆ ಕೆಂದ ಹಸು ಕರು ಹಾಕಿದ ಸುದ್ದಿ. ಜಾಗ ಸಾಲದೆ ಅಕ್ಷರ ಅಂಚಿಗೇರಿ, ತಲೆಕೆಳಗಾಗಿ ಒಂದು ಸುತ್ತು ಬಂದಿದೆ. ನಡುವೆ, ‘...ವಾರ ಬೆಳಗಿನ ಬಸ್ಸಿಗೆ ಬರುತ್ತೇವೆ, ಗಾಡಿ ಕಳಿಸುವುದು’. ಯಾವ ವಾರವೆಂಬುದನ್ನು ತಂತಿ ನುಂಗಿದೆ. ಗಾಡಿ ಕಳಿಸಬೇಕಾದವರು ಚುಚ್ಚುವ ಮೊದಲೇ ಓದಿದ್ದರಲ್ಲ, ಅಷ್ಟು ಸಾಕು.

ಜಗತ್ತಿನ ಮೊದಲ ಅಂಚೆ ಕಾರ್ಡು 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೇರಿಯಲ್ಲಿ ಬಂತು. ನಮ್ಮಲ್ಲಿಗೆ ಬಂದದ್ದು 1879ರ ಜುಲೈನಲ್ಲಿ, ಕಾಲಾಣೆಗೆ. ಚಿತ್ರದ ಕಾರ್ಡುಗಳ ಹುಚ್ಚು ಆಮೇಲಿನದು. ಹಿಗ್ಗಿನ್‌ಬಾಥಮ್ಸ್ ಅಂಗಡಿಯವರು ಮದರಾಸು, ಬೆಂಗಳೂರಿನ ನೋಟಗಳ ಕಾರ್ಡು ತಂದರು. ಆ ಕಾಲದ ಭಾರತದ ಎಷ್ಟೋ ಕಾರ್ಡುಗಳು ಅಚ್ಚಾದದ್ದು ಜರ್ಮನಿಯಲ್ಲಿ. ಬೆಂಗಳೂರಿನ ಮರದ ಹಸಿರು ಇಷ್ಟೊಂದು ವಿಚಿತ್ರವಾಗಿರುವುದಕ್ಕೆ ಅದೇ ಕಾರಣವಿದ್ದೀತು ಎಂಬುದು ನನ್ನ ಗುಮಾನಿ.

ಚಿತ್ರದ ಕಾರ್ಡಿನ ವಯಸ್ಸು ಹೇಳುವುದೇ ಒಂದು ಮೋಜು. ಬೀದಿಯಲ್ಲಿ ವಿದ್ಯುತ್ ದೀಪದ ಕಂಬವಿದ್ದರೆ ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದ 1905ರ ಈಚಿನದು. ಮೈಸೂರಿನ ಮರದ ಅರಮನೆ ಸುಟ್ಟದ್ದು 1897ರಲ್ಲಿ, ಈಗಿನದು ಮುಗಿದದ್ದು 1912ರಲ್ಲಿ. ಪೂರ್ತಿ ಎದ್ದು ನಿಂತ ಅರಮನೆಯ ಚಿತ್ರವನ್ನು ‘ನೂರೈವತ್ತು ವರ್ಷದ್ದು ಸಾರ್’ ಎಂದು ಮಾರಲು ಬಂದವರಿಗೆ ನಾನು ಕಾಫಿ ಕುಡಿಸಿ ಕಳಿಸಿದ್ದೇನೆ. ಚಿತ್ರದ ಮೇಲೇ, ಆಕಾಶದ ತುಂಬ ಗೀಚಿದ್ದರೆ ಮೂಗು ಮುರಿಯಬೇಡಿ. ಮೊದಲು ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಅಲ್ಲಿ ಗೆರೆ ಎಳೆದು ಅರ್ಧವನ್ನು ಬರವಣಿಗೆಗೆ ಬಿಟ್ಟುಕೊಟ್ಟವರಲ್ಲಿ ಬ್ರಿಟನ್ ಮೊದಲು, 1902ರಲ್ಲಿ.

ಒಂದು ಬುದ್ಧಿಮಾತು: ಅಗ್ಗದ ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ. ಒಂದು ಮಳೆಗಾಲ ಕಳೆಯುವುದರೊಳಗೆ ನನ್ನ ನಾಲ್ಕು ಕಾರ್ಡುಗಳ ಶಾಯಿ ಕವರಿಗೆ ಅಂಟಿ ಬಂತು.

ಇಷ್ಟು ವರ್ಷ ಕೂಡಿಟ್ಟರೂ ನನ್ನ ಆಲ್ಬಮ್ಮಿನಲ್ಲಿ ಸಾವಿನ ಸುದ್ದಿಯಿಲ್ಲ. ಮದುವೆಯುಂಟು, ಬಸಿರು ಬಾಣಂತನವುಂಟು, ಸಾಲವಂತೂ ಬೇಕಾದಷ್ಟುಂಟು. ಅಂಚಿಗೆ ಕಪ್ಪು ಹಚ್ಚಿದ ಕಾರ್ಡನ್ನು ಮನೆಯೊಳಗೆ ತರುತ್ತಿರಲಿಲ್ಲ. ಹೊರಗೇ ನಿಂತು ಓದಿ, ಹರಿದು ಹಾಕುತ್ತಿದ್ದರು. ತಂತಿಯವರೆಗೆ ಅದು ಬರುವುದೆಲ್ಲಿಂದ?

ಅಂಥದ್ದೊಂದು ಇಡಿಯಾಗಿ ಸಿಕ್ಕಿದ್ದು ಒಂದೇ ಸಲ. ‘ವಿಳಾಸದಾರರು ಊರು ಬಿಟ್ಟಿದ್ದಾರೆ’ ಎಂದು ಪೋಸ್ಟ್‌ಮ್ಯಾನ್ ಬರೆದು ಹಿಂದಕ್ಕೆ ಕಳಿಸಿದ ಕಾರ್ಡು. ಓದಬೇಕಾದವರು ಓದಲಿಲ್ಲ, ಹಾಗಾಗಿ ಹರಿಯಲೂ ಇಲ್ಲ. ನಡುವೆ ತೂತಿಲ್ಲ, ಮೂಲೆ ಮುರಿದಿಲ್ಲ. ಮಾರುವವರ ಲೆಕ್ಕದಲ್ಲಿ ಒಳ್ಳೇ ಮಾಲು. ತಂದ ದಿನ ಅಮ್ಮ ಬಾಗಿಲಲ್ಲೇ ತಡೆದು, ‘ಅದನ್ನ ಒಳಗೆ ತರಬೇಡ’ ಅಂದಳು. ಇವತ್ತಿಗೂ ಅದು ಜಗಲಿಯ ಗೂಡಿನಲ್ಲೇ ಇದೆ.