‘ಯುಟಿಲಿಟಿ’ಯ ನಾನಾರ್ಥಗಳೂ ಮಿಲ್ಲನ ಗ್ರಂಥವೂ

ನೀತಿಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳು ಮೂರರಲ್ಲಿಯೂ ಏಕಕಾಲಕ್ಕೆ ಅಧಿಕಾರ ನಡೆಸಿರುವ ಇಂಗ್ಲಿಷ್ ಶಬ್ದಗಳಲ್ಲಿ ‘ಯುಟಿಲಿಟಿ’ಯಷ್ಟು ಸಾಧಾರಣವಾಗಿ ತೋರುವ, ಆದರೂ ಅದರಷ್ಟು ವಿವಾದಕ್ಕೆ ಆಸ್ಪದವಿತ್ತಿರುವ ಶಬ್ದ ವಿರಳ. ದಿನಬಳಕೆಯ ಮಾತಿನಲ್ಲಿ ಅದು ವಸ್ತುವೊಂದು ಕೆಲಸಕ್ಕೆ ಬರುವ ಗುಣ, ನೀರು, ವಿದ್ಯುತ್ತುಗಳ ಪ್ರಸ್ತಾಪ ಬಂದಾಗ ಸಾರ್ವಜನಿಕ ಸೌಕರ್ಯ, ದಾರ್ಶನಿಕನಿಗೆ ಸುಖಸಾಧಕತ್ವ, ಅರ್ಥಶಾಸ್ತ್ರಜ್ಞನಿಗೆ ಬಯಕೆಯನ್ನು ತಣಿಸುವ ಶಕ್ತಿ. ಈ ಅರ್ಥಗಳ ಪರಸ್ಪರ ಸಂಬಂಧವೇನು, ವಿರೋಧವೇನು ಎಂಬುದನ್ನು ಅರಿಯಬಯಸುವವನಿಗೆ, 1861ರಲ್ಲಿ ‘ಫ್ರೇಸರ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಪ್ರಕಟವಾಗಿ 1863ರಲ್ಲಿ ಪುಸ್ತಕರೂಪ ತಾಳಿದ, ಜಾನ್ ಸ್ಟುಅರ್ಟ್ ಮಿಲ್ಲನ ‘ಯುಟಿಲಿಟೇರಿಯನಿಸಂ’ ಎಂಬ ಐದೇ ಅಧ್ಯಾಯಗಳ ಕಿರುಹೊತ್ತಗೆಗಿಂತ ಉತ್ತಮವಾದ ಪ್ರವೇಶದ್ವಾರ ದೊರೆಯಲಾರದು.

ಮಿಲ್ಲನ ಕೈಗೆ ಬರುವುದಕ್ಕೆ ಮೊದಲೇ ಈ ಶಬ್ದ ಬಹುದೂರ ಸಾಗಿದ್ದಿತು. ನ್ಯಾಯವೇ ಮೊದಲಾದ ಗುಣಗಳನ್ನು ನಾವು ಶ್ಲಾಘಿಸುವುದು ಅವು ಸಮಾಜಕ್ಕೆ ಹಿತಕರವಾಗಿರುವುದರಿಂದಲೇ ಎಂದು ಹ್ಯೂಮನು 1751ರಲ್ಲಿಯೇ ವಾದಿಸಿದ್ದನು. ಹ್ಯೂಮನಲ್ಲಿ ವಿವರಣೆಯಾಗಿದ್ದುದು 1789ರಲ್ಲಿ ಪ್ರಕಟವಾದ ಬೆಂಥಮನ ಗ್ರಂಥದಲ್ಲಿ ವಿಧಿಯಾಯಿತು. ಅಸ್ಪಷ್ಟವೂ ನಿಷ್ಠುರವೂ ಆಗಿದ್ದ ಅಂದಿನ ಇಂಗ್ಲಿಷ್ ಕಾನೂನನ್ನು ಶುದ್ಧಿಗೊಳಿಸಹೊರಟ ಬೆಂಥಮನು, ಸಂಪ್ರದಾಯದ ಹೆಸರಿನಲ್ಲಾಗಲಿ ಸಹಜನ್ಯಾಯದ ಹೆಸರಿನಲ್ಲಾಗಲಿ ಯಾವ ಶಾಸನವನ್ನೂ ಸಮರ್ಥಿಸಕೂಡದೆಂದೂ, ಅದರಿಂದ ಜನರಿಗೆ ಒದಗುವ ಸುಖದುಃಖಗಳ ಲೆಕ್ಕವೊಂದೇ ಪ್ರಮಾಣವೆಂದೂ ಸಾರಿ, ಸುಖವನ್ನು ಅಳೆಯಲು ತೀವ್ರತೆ, ಅವಧಿ, ನಿಶ್ಚಿತತೆ, ಸಾಮೀಪ್ಯ, ಫಲವತ್ತತೆ, ಶುದ್ಧಿ, ವ್ಯಾಪ್ತಿ ಎಂಬ ಏಳು ಮಾನಗಳನ್ನು ಹೇಳಿದನು. ಆದರೆ ಲಾಭ, ಸುಖ, ಹಿತ, ಶ್ರೇಯಸ್ಸು ಎಲ್ಲವೂ ಈ ಸಂದರ್ಭದಲ್ಲಿ ಒಂದೇ ಎಂದು ಅವನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟುದರಿಂದ, ಮುಂದಿನ ಗೊಂದಲಗಳಿಗೆಲ್ಲ ಬೀಜ ಬಿದ್ದಿತು. ‘ಯುಟಿಲಿಟಿ’ ಎಂಬ ಮಾತು ಸುಖದುಃಖಗಳ ಭಾವವನ್ನು ಸಾಕಷ್ಟು ಸ್ಪಷ್ಟವಾಗಿ ಸೂಚಿಸದೆಂಬುದನ್ನು ಸ್ವತಃ ಅವನೇ 1822ರ ಟಿಪ್ಪಣಿಯೊಂದರಲ್ಲಿ ಒಪ್ಪಿಕೊಂಡನು.

ಮಿಲ್ಲನ ಮೊದಲ ಸಾಧನೆಯೆಂದರೆ, ಉಪಯುಕ್ತವಾದುದು ಸುಂದರವಾದುದಕ್ಕೂ ಆನಂದಕರವಾದುದಕ್ಕೂ ಪ್ರತಿಕೂಲವೆಂಬ ಜನಜನಿತವಾದ ಭ್ರಾಂತಿಯನ್ನು ನಿವಾರಿಸಿದುದು. ಎರಡನೆಯದು, ಸುಖಗಳಲ್ಲಿ ಪ್ರಮಾಣಭೇದವಷ್ಟೇ ಅಲ್ಲದೆ ಗುಣಭೇದವೂ ಉಂಟೆಂದು ಪ್ರತಿಪಾದಿಸಿದುದು. ಬುದ್ಧಿಯ, ಭಾವನೆಯ, ನೈತಿಕ ಪ್ರಜ್ಞೆಯ ಸುಖಗಳು ದೇಹಸುಖಗಳಿಗಿಂತ ಮೇಲಾದವೆಂದೂ, ಎರಡನ್ನೂ ಅನುಭವಿಸಿ ಬಲ್ಲವರ ನಿರ್ಣಯವೇ ಇಲ್ಲಿ ಅಂತಿಮವೆಂದೂ ಅವನು ಹೇಳುವಾಗ, ಬೆಂಥಮನ ಶುಷ್ಕವಾದ ಗಣಿತಕ್ಕೆ ಮಾನುಷತ್ವದ ಕಳೆ ಬರುತ್ತದೆ. ಆದರೆ ಈ ಔದಾರ್ಯಕ್ಕೆ ಅವನು ತೆತ್ತ ಬೆಲೆ ಅಲ್ಪವಲ್ಲ. ಒಂದು ಸುಖವು ಇನ್ನೊಂದಕ್ಕಿಂತ ಉತ್ತಮವೆನ್ನಲು ಸುಖದ ಆಚೆಗಿರುವ ಯಾವುದೋ ಮೌಲ್ಯವನ್ನು ಅಂಗೀಕರಿಸಬೇಕಾಗುತ್ತದೆ. ಅದನ್ನು ಅಂಗೀಕರಿಸಿದೊಡನೆ ಸುಖವೇ ಏಕೈಕ ಪರಮಾರ್ಥವೆಂಬ ಮೂಲಸಿದ್ಧಾಂತ ಸಡಿಲವಾಗುತ್ತದೆ.

ಗ್ರಂಥದ ಅತ್ಯಂತ ದುರ್ಬಲವಾದ ಭಾಗ ನಾಲ್ಕನೆಯ ಅಧ್ಯಾಯ. ವಸ್ತುವೊಂದು ಕಾಣತಕ್ಕುದೆಂಬುದಕ್ಕೆ ಜನ ಅದನ್ನು ಕಾಣುತ್ತಿರುವುದೇ ಪ್ರಮಾಣವಾಗಿರುವಂತೆ, ಸುಖವು ಬಯಸತಕ್ಕುದೆಂಬುದಕ್ಕೆ ಜನ ಅದನ್ನು ಬಯಸುತ್ತಿರುವುದೇ ಪ್ರಮಾಣ ಎಂದು ಮಿಲ್ಲನು ವಾದಿಸುತ್ತಾನೆ. ಕಾಣತಕ್ಕುದೆಂದರೆ ಕಾಣಲು ಸಾಧ್ಯವಾದುದು. ಬಯಸತಕ್ಕುದೆಂದರೆ ಬಯಸಲು ಅರ್ಹವಾದುದು. ಸಾಧ್ಯತೆಯಿಂದ ಅರ್ಹತೆಗೆ ಹೋಗಲು ಅವನು ಹಾಕಿರುವ ಸೇತುವೆ ತರ್ಕದ ಭಾರವನ್ನು ತಡೆಯಲಾರದು. ಇದಕ್ಕೆ ಪ್ರತಿಯಾಗಿ ಐದನೆಯ ಅಧ್ಯಾಯ ಗ್ರಂಥದ ಶಿಖರ. ನ್ಯಾಯವು ಉಪಯುಕ್ತತೆಗೆ ವಿರೋಧಿಯಲ್ಲ, ಭದ್ರತೆಯೆಂಬ ಪರಮಹಿತವನ್ನು ಕಾಯುವ ಕಟ್ಟಳೆಗಳ ಸಮುದಾಯವೇ ನ್ಯಾಯ ಎಂದು ಅಲ್ಲಿ ಅವನು ಮಾಡಿರುವ ವಿವೇಚನೆ, ಅದನ್ನೊಪ್ಪದವನನ್ನೂ ಚಿಂತನೆಗೆ ಹಚ್ಚುತ್ತದೆ.

ಆದರೂ ನಮ್ಮ ನಾಡಿನ ಓದುಗನು ಮಿಲ್ಲನನ್ನು ಕೇಳಲೇಬೇಕಾದ ಪ್ರಶ್ನೆಯೊಂದಿದೆ. 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಉದ್ಯೋಗಿಯಾಗಿದ್ದು, ಭಾರತದ ಸಂಸ್ಥಾನಗಳಿಗೆ ಸಂಬಂಧಿಸಿದ ಪತ್ರವ್ಯವಹಾರವನ್ನು ಸಿದ್ಧಪಡಿಸುತ್ತಿದ್ದವನು ಅವನು. 1859ರ ‘ಆನ್ ಲಿಬರ್ಟಿ’ಯಲ್ಲಿ, ಪ್ರಗತಿಶೀಲನಾದ ಮನುಷ್ಯನ ಶಾಶ್ವತ ಹಿತವನ್ನು ಆಧರಿಸಿದ ವಿಶಾಲಾರ್ಥದ ಉಪಯುಕ್ತತೆಯೇ ತನ್ನ ಕಡೆಯ ಪ್ರಮಾಣವೆಂದು ಹೇಳಿದ ಅವನೇ, ‘ಅನಾಗರಿಕ’ರ ಸುಧಾರಣೆಯೇ ಗುರಿಯಾಗಿದ್ದಲ್ಲಿ ಅವರ ಮೇಲೆ ನಿರಂಕುಶಪ್ರಭುತ್ವ ನ್ಯಾಯಸಮ್ಮತವೆಂದೂ ಅಲ್ಲಿಯೇ ಬರೆದನು. ಹಿತವನ್ನು ಅನುಭವಿಸಬೇಕಾದವರು ಒಬ್ಬರು, ಅದನ್ನು ನಿರ್ಣಯಿಸುವವರು ಮತ್ತೊಬ್ಬರು ಆದಾಗ, ಎಷ್ಟು ಉದಾತ್ತವಾದ ಅರ್ಥವೂ ಆಳುವವರ ಅನುಕೂಲಕ್ಕೆ ಹೊದಿಕೆಯಾಗಬಲ್ಲುದು.

ಮಿಲ್ಲನ ತರುವಾಯ ಈ ಶಬ್ದದ ಆಡಳಿತ ಅರ್ಥಶಾಸ್ತ್ರಜ್ಞರ ಕೈಸೇರಿತು. ಜೀವಕ್ಕೆ ಆಧಾರವಾದ ನೀರು ಅಗ್ಗವಾಗಿಯೂ ವಜ್ರ ದುಬಾರಿಯಾಗಿಯೂ ಇರುವುದೇಕೆಂಬ, ಆಡಂ ಸ್ಮಿತ್ 1776ರಲ್ಲಿ ಎತ್ತಿ ತೋರಿಸಿದ್ದ ವೈಚಿತ್ರ್ಯವನ್ನು, ಬೆಲೆ ನಿಲ್ಲುವುದು ವಸ್ತುವಿನ ಒಟ್ಟು ಉಪಯೋಗದ ಮೇಲಲ್ಲ, ಕಟ್ಟಕಡೆಯ ಅಂಶದಿಂದ ಒದಗುವ ತೃಪ್ತಿಯ ಮೇಲೆ ಎಂಬ ತತ್ತ್ವದಿಂದ ಜೆವನ್ಸನು 1871ರಲ್ಲಿ ಬಿಡಿಸಿದನು. ಶಾಸ್ತ್ರಕ್ಕೆ ಇದರಿಂದಾದ ಲಾಭ ನಿರ್ವಿವಾದ. ಆದರೆ ಶಬ್ದದ ಒಳಗಿನಿಂದ ‘ಹಿತ’ ಹೊರಬಿದ್ದಿತು. ನಮ್ಮ ಪಠ್ಯಗಳಲ್ಲಿ ‘ತುಷ್ಟಿಗುಣ’ವೆನಿಸಿರುವ ಈ ಅರ್ಥದಲ್ಲಿ, ಬಯಸುವವನಿದ್ದರೆ ಮದ್ಯಕ್ಕೂ ಹೊಗೆಸೊಪ್ಪಿಗೂ ಔಷಧಕ್ಕಿರುವಂತೆಯೇ ತುಷ್ಟಿಗುಣ ಉಂಟು. ಈ ವ್ಯತ್ಯಾಸವನ್ನು ಮನಗಂಡ ಪರೇಟೊ, ಬಯಕೆಯ ತೃಪ್ತಿಗೆ ‘ಆಫೆಲಿಮಿಟಿ’ ಎಂಬ ಬೇರೊಂದು ಹೆಸರನ್ನೇ ಕಟ್ಟಿದನು, ಅದು ನಿಲ್ಲಲಿಲ್ಲ. ಒಬ್ಬನ ತೃಪ್ತಿಯನ್ನು ಇನ್ನೊಬ್ಬನದರೊಡನೆ ಹೋಲಿಸುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ರಾಬಿನ್ಸನು 1932ರಲ್ಲಿ ಹೇಳಿದ ಮೇಲೆ, ಹಸಿದವನ ತುತ್ತನ್ನೂ ಉಂಡವನ ವಿಲಾಸವನ್ನೂ ತೂಗಿನೋಡುವ ಬೆಂಥಮನ ಮೂಲೋದ್ದೇಶವೇ ಶಾಸ್ತ್ರದ ಎಲ್ಲೆಯಾಚೆಗೆ ಸರಿಯಿತು. 1944ರಲ್ಲಿ ಫಾನ್ ನಾಯ್ಮನ್, ಮಾರ್ಗೆನ್‌ಸ್ಟರ್ನರ ಗ್ರಂಥ ಬರುವ ವೇಳೆಗೆ ‘ಯುಟಿಲಿಟಿ’ಯು, ಅನಿಶ್ಚಿತ ಫಲಗಳ ನಡುವೆ ಒಬ್ಬನು ಮಾಡುವ ಆಯ್ಕೆಯ ಕ್ರಮವನ್ನು ಸೂಚಿಸುವ ಅಂಕೆಯಾಗಿದ್ದಿತು.

ಈ ಅಂಕೆಯನ್ನು ಅಂಕೆಯೆಂದೇ ಬಳಸಿದರೆ ದೋಷವಿಲ್ಲ. ಅಂಕೆಯನ್ನು ಮುಂದಿಟ್ಟು, ಬೆಂಥಮ್ ಮಿಲ್ಲರು ಅದೇ ಹೆಸರಿಗೆ ಗಳಿಸಿಕೊಟ್ಟ ನೈತಿಕ ಗೌರವವನ್ನು ಅದಕ್ಕೆ ಸಲ್ಲಿಸುವುದು ಮಾತ್ರ ಅನ್ಯಾಯ. ಜನ ಕೊಂಡುದೆಲ್ಲ ಅವರಿಗೆ ಶ್ರೇಯಸ್ಕರವೆಂದು ಸಾಧಿಸುವ ವಾದಗಳು ಹುಟ್ಟುವುದು ಇಲ್ಲಿಯೇ. ಮಿಲ್ಲನ ಗ್ರಂಥದಲ್ಲಿ ತರ್ಕದೋಷಗಳುಂಟು, ತನ್ನ ಕಾಲದ ಸಾಮ್ರಾಜ್ಯಮೋಹದಿಂದ ಅವನು ಮುಕ್ತನಲ್ಲ. ಆದರೂ ತೃಪ್ತಿ ಬೇರೆ, ಶ್ರೇಯಸ್ಸು ಬೇರೆ ಎಂಬ ಅರಿವನ್ನು ಕೈಬಿಡದೆ ಎರಡನ್ನೂ ಒಂದುಗೂಡಿಸಲು ಹೆಣಗಿದ ಕೃತಿಯಾದುದರಿಂದ ಅದು ಇಂದಿಗೂ ಪಠನಯೋಗ್ಯ. ಯೋಜನೆಯೊಂದನ್ನಾಗಲಿ ಶಾಸನವೊಂದನ್ನಾಗಲಿ ‘ಉಪಯುಕ್ತ’ವೆಂದು ಯಾರಾದರೂ ಹೊಗಳಿದಾಗ, ಅದು ಯಾರಿಗೆ ಉಪಯುಕ್ತ, ಯಾವ ಅರ್ಥದಲ್ಲಿ ಉಪಯುಕ್ತ, ಹಾಗೆಂದು ನಿರ್ಣಯಿಸಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ವಾಚಕರು ಒಪ್ಪಿಗೆ ಕೊಡಬಾರದು.